ದೇವರ ಗೂಡಿನಲ್ಲಿ ಅತ್ತೆಯ ಬಾಟಲಿ

ನಮ್ಮ ಅತ್ತೆಗೆ ಮಾತ್ರೆ ನುಂಗಲು ಬರುವುದಿಲ್ಲ. ಇದರಲ್ಲೇನು ವಿಶೇಷ, ಊರಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ ಎನ್ನುತ್ತೀರಾ? ಸ್ವಲ್ಪ ತಾಳಿ. ಈ ಅತ್ತೆ ತಮ್ಮ ಇಡೀ ಸರ್ವೀಸನ್ನು ಘಟ್ಟದ ಕೆಳಗಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಕಳೆದವರು. ಮಾಡುತ್ತಿದ್ದ ಪಾಠ ಯಾವುದು? ಬಾಯಿಯ ಮೂಲಕ ಔಷಧಿ ಕೊಡುವುದು ಹೇಗೆ ಎಂಬುದು! ಅವರ ಕೈಯಲ್ಲಿ ಕಲಿತ ಹುಡುಗ ಹುಡುಗಿಯರು ಈಗ ಎಲ್ಲೆಲ್ಲೋ ಕೂತು ಲಕ್ಷಗಟ್ಟಲೆ ಮಾತ್ರೆ ಒತ್ತುತ್ತಿದ್ದಾರೆ. ಗುರುಗಳಿಗೆ ಮಾತ್ರ ಒಂದೇ ಒಂದು ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ.

ಅತ್ತೆ ಎಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ದೇವರು ನನಗೆ ಕೊಟ್ಟಿಲ್ಲ. ಇವರು ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಪುರುಸೊತ್ತಿಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಕೆಲವರು ಕೇಳಿದರು. "ಈಗ ಪುರುಸೊತ್ತಾಗಿದೆ, ಗಂಡಿದ್ರೆ ಹೇಳಿ" ಎಂದರು. ಅಲ್ಲಿಗೆ ಕೇಳುವವರು ನಿಂತರು. ತೀರ್ಥಹಳ್ಳಿಯಲ್ಲಿ ಪುಟ್ಟದೊಂದು ಮನೆ ಹಿಡಿದಿದ್ದಾರೆ. ನನ್ನ ಅಣ್ಣ ಅತ್ತಿಗೆ ಇರುವುದು ಸಾಗರದಲ್ಲಿ. ನಾವಿರುವುದು ಹೊಸನಗರದಲ್ಲಿ, ನಮ್ಮ ಮನೆಯವರಿಗೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಈ ಮೂರು ಊರುಗಳ ನಡುವೆ ಬಸ್ಸು ಹತ್ತಿ ಇಳಿಯುವುದೇ ಅತ್ತೆಯ ಸಂಸಾರ. ನನಗೆ ಮೊಮ್ಮಗು ಆಗಿದೆ. ಆದರೂ ನನ್ನನ್ನು ಅವರು ಕರೆಯುವುದು "ಏ ಹುಡುಗೀ" ಎಂದೇ. ಈ ವಯಸ್ಸಿನಲ್ಲಿ ಹುಡುಗಿ ಎನ್ನುವವರು ಒಬ್ಬರಾದರೂ ಉಳಿದಿದ್ದಾರಲ್ಲ, ಅದೂ ದೇವರ ದಯೆಯೇ.

ಅತ್ತೆ ಊಟಕ್ಕೆ ಬರುತ್ತಾರೆಂದರೆ ನನಗೆ ಒಗ್ಗರಣೆ ಹಾಕಲೂ ಭಯ. ಒಮ್ಮೆ ಅಪ್ಪೆಹುಳಿ ಮಾಡಿದ್ದೆ. ತೆಳ್ಳಗೆ ನೀರಾಗಿ, ಮಾವಿನಮಿಡಿಯ ವಾಸನೆ ಹೊಡೆಯುವ ಹಾಗೆ, ಮೇಲೆ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಯಾರು ಉಂಡರೂ ಇನ್ನೊಂದು ಲೋಟ ಕೇಳಬೇಕು, ಅಂಥದ್ದು. ಅತ್ತೆ ಲೋಟ ಎತ್ತಿ ಬೆಳಕಿಗೆ ಹಿಡಿದರು.

"ಏ ಹುಡುಗೀ, ಮೇಲೆ ತೇಲ್ತಾ ಇರೋದು ಎಂತದೇ?"

"ಒಗ್ಗರಣೆ ಅತ್ತೆ."

"ಒಗ್ಗರಣೆ ಅಂತ ನಂಗೂ ಗೊತ್ತು. ಎಣ್ಣೆ ಯಾಕೆ ಬೇರೆ ನಿಂತಿದೆ?"

"ಎಣ್ಣೆ ಮತ್ತೆಲ್ಲಿ ನಿಲ್ಬೇಕು?"

ಕೇಳಬಾರದಿತ್ತು. ಅನ್ನ ಆರಿತು, ಹಪ್ಪಳ ಮೆತ್ತಗಾಯಿತು, ನಮ್ಮ ಮನೆಯವರು ಅರ್ಧ ಊಟದಲ್ಲಿ ಎದ್ದು ಅಂಗಡಿಗೆ ಹೋದರು, ಅತ್ತೆಯ ಉತ್ತರ ಮುಗಿಯಲಿಲ್ಲ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಎಷ್ಟೋ ಔಷಧಿಗಳು ಸ್ವಭಾವದಲ್ಲಿ ಎಣ್ಣೆಯ ಕಡೆಯವಂತೆ, ನೀರಿಗೆ ಸೇರುವುದಿಲ್ಲವಂತೆ. ನಮ್ಮ ಹೊಟ್ಟೆಯೊಳಗೋ ಬರೀ ನೀರು. ಹಾಗಾಗಿ ಅಂಥ ಮಾತ್ರೆ ನುಂಗಿದರೆ ಔಷಧಿ ಗುರುತಿಲ್ಲದವರ ಮದುವೆಗೆ ಹೋದ ಸಂಕೋಚದ ನೆಂಟನ ಹಾಗೆ ಮೂಲೆಯಲ್ಲಿ ನಿಂತು, ಯಾರ ಜೊತೆಗೂ ಬೆರೆಯದೆ, ಹಿಂದಿನ ಬಾಗಿಲಿಂದ ಹೊರಟುಹೋಗುತ್ತದಂತೆ. ಅದಕ್ಕೆ ಅತ್ತೆಯಂಥವರು ಮಾಡುವುದೇನೆಂದರೆ, ಔಷಧಿಯನ್ನು ಎಣ್ಣೆಯಲ್ಲಿ ಕರಗಿಸಿ, ಆ ಎಣ್ಣೆಯನ್ನು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಒಡೆಯುವುದು. ಅದರ ಹೆಸರು ನ್ಯಾನೊ ಎಮಲ್ಶನ್.

"ಎಷ್ಟು ಸಣ್ಣ ಅತ್ತೆ? ಸಾಸಿವೆಯಷ್ಟಾ?"

"ಸಾಸಿವೆ ಒಡಿ, ಒಡೆದ ಚೂರನ್ನ ಒಡಿ, ಅದ್ರ ಚೂರನ್ನ ಒಡಿ. ಹಾಗೇ ಒಡೀತಾ ಕೂತ್ಕೋ. ನಿನ್ನ ಆಯುಷ್ಯ ಮುಗೀಬೇಕು, ಅಷ್ಟು ಸಣ್ಣ."

ಒಡೆದರೆ ಆಯಿತೇ? ಇಲ್ಲ. ಎಣ್ಣೆಯ ಹನಿಗಳಿಗೆ ಒಂದನ್ನೊಂದು ಕಂಡರೆ ತವರಿನವರನ್ನು ಕಂಡಷ್ಟು ಪ್ರೀತಿ. ತಬ್ಬಿಕೊಂಡು ದೊಡ್ಡದಾಗಿ, ಮತ್ತೆ ಮೇಲೆ ಬಂದು ತೇಲುತ್ತವೆ. ಹಾಲು ಒಡೆದ ಹಾಗೆ ಇದೂ ಒಡೆಯಿತು ಎನ್ನುತ್ತಾರೆ. ಹಾಗಾಗದಂತೆ ತಡೆಯಲು ಪಾಲಿಮರ್ ಎಂಬ, ದಾರದಂತೆ ಉದ್ದುದ್ದ ಇರುವ ವಸ್ತುವನ್ನು ಹಾಕುತ್ತಾರೆ. ಅದು ಪ್ರತಿ ಹನಿಗೂ ಸುತ್ತಿಕೊಳ್ಳುತ್ತದೆ. ಇದು ನನಗೆ ಹೊಳೆಯಲಿಲ್ಲ. ಅತ್ತೆ ಹೇಳಿದರು:

"ಮಳೇಲಿ ನಿಮ್ಮೂರ ಬಸ್‌ಸ್ಟ್ಯಾಂಡಲ್ಲಿ ಎಲ್ರೂ ಛತ್ರಿ ಬಿಚ್ಕೊಂಡು ನಿಂತಿರ್ತಾರಲ್ಲ, ಒಬ್ರಿಗೊಬ್ರು ತಾಗೋಕಾಗುತ್ತಾ?"

"ಛತ್ರಿ ಕಡ್ಡಿ ಕಣ್ಣಿಗೇ ಬರುತ್ತೆ ಅತ್ತೆ."

"ಹಾಂ! ಅದಕ್ಕೇ ದೂರ ನಿಂತಿರ್ತಾರೆ. ಆ ಛತ್ರಿನೇ ಪಾಲಿಮರ್ರು."

ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಯಾರ ಛತ್ರಿ ತಾಗಿದರೂ ನನಗೆ ಕೋಪ ಬರುವುದಿಲ್ಲ, ಪಾಠ ನೆನಪಾಗುತ್ತದೆ.

ನಿವೃತ್ತಿಯಾದವರು ತೀರ್ಥಯಾತ್ರೆಗೆ ಹೋಗುತ್ತಾರೆ, ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಅತ್ತೆ ಹಾಗಲ್ಲ. ಕಾಲೇಜಿನಲ್ಲಿದ್ದಾಗ ಅವರು ಮಾಡಿದ ಎಮಲ್ಶನ್ನುಗಳೆಲ್ಲ ಒಂದಲ್ಲ ಒಂದು ದಿನ ಒಡೆದವಂತೆ. ಒಂದು ವರ್ಷ ನಿಂತದ್ದು ಒಂದೂ ಇಲ್ಲ. ಹೊಸದೊಂದು ಛತ್ರಿ, ಅಂದರೆ ಪಾಲಿಮರ್, ಹೊಳೆಯುವ ಹೊತ್ತಿಗೆ ನಿವೃತ್ತಿಯ ಹಾರ ಕೊರಳಿಗೆ ಬಿತ್ತು. ಬಿಡುತ್ತಾರೆಯೇ? ಹತ್ತು ವರ್ಷ ಅದನ್ನೇ ತಲೆಯಲ್ಲಿಟ್ಟುಕೊಂಡು ತಿರುಗಿ, ಹೋದ ವರ್ಷ ಘಟ್ಟ ಇಳಿದು, ಹಳೆಯ ಶಿಷ್ಯೆಯೊಬ್ಬಳ ಲ್ಯಾಬಿನಲ್ಲಿ ಒಂದು ದಿನದ ಮಟ್ಟಿಗೆ ಜಾಗ ಕೇಳಿ, ಜೀರುಂಡೆಯ ಹಾಗೆ ಕೂಗುವ ಯಾವುದೋ ಯಂತ್ರದಲ್ಲಿ ಎಣ್ಣೆ ಒಡೆದು, ಮೂರು ಬಾಟಲಿ ತುಂಬಿಸಿಕೊಂಡು ಆಗುಂಬೆ ಬಸ್ಸು ಹತ್ತಿದರು. ಒಳಗಿದ್ದದ್ದು ಔಷಧಿಯಲ್ಲ, ಅರಿಶಿನದ ಸತ್ವ. ಅದೂ ನೀರಿಗೆ ಸೇರದ ಜಾತಿಯೇ ಅಂತೆ. "ಪರೀಕ್ಷೆ ಮುಗಿಯೋ ಮುಂಚೆ ಔಷಧಿ ಹಾಕಿ ಮನೆಗಳಲ್ಲಿ ಇಡೋದು ತಪ್ಪು. ಎಲ್ಲ ತಿನ್ನೋ ವಸ್ತುನೇ" ಎಂದರು.

ಬಸ್ಸಿನಲ್ಲಿ ನಡೆದದ್ದನ್ನು ಅವರೇ ಹೇಳಿದ್ದು.

"ಅಮ್ಮ, ಚೀಲ ಕೆಳಗಿಡಿ" ಎಂದ ಕಂಡಕ್ಟರ್.

"ಇಡಲ್ಲ."

"ಎಂತ ಉಂಟು ಅದ್ರಲ್ಲಿ? ಜೇನಾ?"

"ಅರಿಶಿನ."

"ಅರಿಶಿನಕ್ಕೆ ಇಷ್ಟು ಮರ್ಯಾದೆಯಾ ಮಾರಾಯ್ರೆ!"

ಘಟ್ಟದ ಒಂದೊಂದು ತಿರುವಿಗೂ ಬಸ್ಸು ಎಡಕ್ಕೆ ವಾಲಿದರೆ ಅತ್ತೆ ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ. ಅಲ್ಲಾಡಿದರೆ ಬಾಟಲಿಗೆ ಏನೂ ಆಗುವುದಿಲ್ಲವೆಂದು ಅವರಿಗೇ ಗೊತ್ತು. ಬಸುರಿಗೂ ಗೊತ್ತಿರುತ್ತದೆ, ಆದರೂ ಹೊಟ್ಟೆಯ ಮೇಲಿಂದ ಕೈ ತೆಗೆಯುತ್ತಾಳೆಯೇ? ಪಕ್ಕದ ಸೀಟಿನ ಹೆಂಗಸು ಇವರ ವಾಲಾಟ ನೋಡಿ ಪಾಪ ಎಂದು ಒಂದು ಪ್ಲಾಸ್ಟಿಕ್ ಕವರು ಬಿಚ್ಚಿ ಬಾಯಿಯ ಹತ್ತಿರ ಹಿಡಿದಳಂತೆ!

ಒಂದು ಬಾಟಲಿ ತೀರ್ಥಹಳ್ಳಿಯಲ್ಲಿ ಅತ್ತೆಯ ಮನೆಯ ಒಲೆಯ ಪಕ್ಕ, ಬಿಸಿಯಲ್ಲಿ. ಇನ್ನೊಂದು ಸಾಗರದಲ್ಲಿ ಅತ್ತಿಗೆಯ ಫ್ರಿಜ್ಜಿನಲ್ಲಿ, ತಂಪಿನಲ್ಲಿ. ಮೂರನೆಯದು ನಮ್ಮ ಮನೆಯಲ್ಲಿ, ಎರಡೂ ಅಲ್ಲದೆ ಇದ್ದ ಹಾಗೆ. "ಎಸಿ ರೂಮಲ್ಲಿ ಯಾವುದು ಬೇಕಾದ್ರೂ ನಿಲ್ಲುತ್ತೆ. ನಮ್ಮ ಕಡೆ ಶೀತ, ನಮ್ಮ ಕಡೆ ಸೆಕೆ, ನಮ್ಮ ಕಡೆ ಕರೆಂಟು, ಇಷ್ಟನ್ನೂ ತಡ್ಕೊಂಡು ನಿಲ್ಬೇಕು. ಆಗ ಔಷಧಿ" ಎಂದರು. ಅದು ನವರಾತ್ರಿ ಕಳೆದು ಬರುವ ಭೂಮಿ ಹುಣ್ಣಿಮೆಯ ದಿನ. ಮುಂದಿನ ಭೂಮಿ ಹುಣ್ಣಿಮೆಗೆ ಪರೀಕ್ಷೆ ಮುಗಿಯಬೇಕು.

"ನಮ್ಮನೇಲಿ ಎಲ್ಲಿಡ್ಲಿ ಅತ್ತೆ?"

"ದೇವರ ಗೂಡಲ್ಲಿ."

ನನಗೆ ನಂಬಿಕೆ ಬರಲಿಲ್ಲ. ಯಾಕೆಂದರೆ ಅತ್ತೆ ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಿಲ್ಲ. ಭಟ್ಟರು ಒಮ್ಮೆ ತೀರ್ಥ ಕೊಡಲು ಬಂದರೆ "ಡೋಸ್ ಎಷ್ಟು?" ಎಂದು ಕೇಳಿದವರು! ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಜಾಗವೆಂದು ಇರಬೇಕು ಅಂದುಕೊಂಡೆ. ಕೇಳಿದ್ದಕ್ಕೆ "ಅಲ್ಲೇ ಸರಿ" ಎಂದರು, ಅಷ್ಟೆ.

ಅಂದಿನಿಂದ ನನಗೊಂದು ಕೆಲಸ ಅಂಟಿಕೊಂಡಿತು. ಬೆಳಿಗ್ಗೆ ಮಿಂದು ದೀಪ ಹಚ್ಚಿದ ಮೇಲೆ ದೀಪವನ್ನು ಬಾಟಲಿಯ ಹಿಂದೆ ಹಿಡಿದು ನೋಡಬೇಕು. ಒಳಗಿನ ಹಳದಿ ನೀರು ಜೇನಿನಂತೆ ತಿಳಿಯಾಗಿ ಹೊಳೆದರೆ ಸರಿ. ಮೇಲ್ಗಡೆ ಎಣ್ಣೆಯ ಉಂಗುರ ಕಂಡರೆ ಒಡೆಯಿತೆಂದು ಅರ್ಥ. ಕೂಡಲೇ ಅತ್ತೆಗೆ ಫೋನು. "ನೀನು ಆರತಿ ಎತ್ತೋದು ದೇವ್ರಿಗೋ ಬಾಟಲಿಗೋ?" ಎಂದು ನಮ್ಮ ಮನೆಯವರ ಕೀಟಲೆ. ಗೂಡಿನಲ್ಲಿ ಕೂತ ಮೇಲೆ ಅದೊಂದನ್ನು ಬರಿದಾಗಿ ಬಿಡುವುದು ಹೇಗೆ? ದೇವರಿಗೆ ಹೂ ಏರಿಸುವಾಗ ಅದರ ಮುಚ್ಚಳದ ಮೇಲೂ ಒಂದು ದಾಸವಾಳ ಇಡುತ್ತಿದ್ದೆ. ಬಾಟಲಿಯ ದೆಸೆಯಿಂದ ಒಂದು ದಿನವೂ ನನ್ನ ದೀಪ ತಡವಾಗಲಿಲ್ಲ. ಇದೂ ಒಂದು ಲಾಭವೇ.

ಬೇಸಿಗೆಯಲ್ಲಿ ಒಂದು ದಿನ ಅತ್ತೆ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಮುಖ ಸಣ್ಣದಾಗಿತ್ತು. ಜಗಲಿಯಲ್ಲಿ ಕೂತು "ಹೋಯ್ತು" ಎಂದರು. ನಮ್ಮ ಮನೆಯವರು "ಅಯ್ಯೋ!" ಎಂದವರೇ ಒಳಗೆ ಓಡಿ ಅಂಗಿ ಹಾಕಿಕೊಂಡು, ಅಂಗಡಿಗೆ ಬಾಗಿಲು ಹಾಕುವಂತೆ ಫೋನು ಮಾಡಿ, ಚಪ್ಪಲಿ ಮೆಟ್ಟಿ ನಿಂತ ಮೇಲೆ ಕೇಳಿದರು: "ಯಾರು? ಎಷ್ಟೊತ್ತಿಗೆ?" ಹೋದದ್ದು ಒಲೆಯ ಪಕ್ಕದ ಬಾಟಲಿ. ಅಂದು ಅತ್ತೆ ಕಡುಬನ್ನೂ ಮುಟ್ಟಲಿಲ್ಲ.

ಎರಡನೆಯದರದ್ದು ಇನ್ನೊಂದು ಕತೆ. ಸಾಗರದ ಅತ್ತಿಗೆ ಬಹಳ ಒಳ್ಳೆಯವಳು. ಒಳ್ಳೆಯತನವೇ ಮುಳುವಾಯಿತು. ತಂಪಿನಲ್ಲಿಟ್ಟರೆ ಒಳ್ಳೆಯದಾದರೆ ಇನ್ನೂ ತಂಪಿನಲ್ಲಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಬಾಟಲಿಯನ್ನು ಐಸಿನ ಖಾನೆಗೆ ಏರಿಸಿದಳು! "ಅತ್ತೇ, ಗಟ್ಟಿ ಕಲ್ಲಾಗಿದೆ, ಇನ್ನು ಎಂತ ಮಾಡಿದ್ರೂ ಒಡೆಯಲ್ಲ" ಎಂದು ಸಂತೋಷದಿಂದ ಫೋನು ಮಾಡಿದಳಂತೆ. ಕರಗಿದ ಮೇಲೆ ನೋಡಿದರೆ ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ಅತ್ತೆ ಬೈಯಲಿಲ್ಲ. "ಮುಂದೆ ಮುಚ್ಚಳದ ಮೇಲೆ ಬರೀಬೇಕು, ಜಾಸ್ತಿ ಪ್ರೀತಿ ಮಾಡಬಾರದು ಅಂತ" ಎಂದರು.

ಉಳಿದದ್ದು ನಮ್ಮ ದೇವರ ಗೂಡಿನದೊಂದೇ.

ಚೌತಿ ಕಳೆದ ಮೇಲೆ ಅತ್ತೆ ತಮ್ಮ ಮನೆಯ ಮೆಟ್ಟಿಲಲ್ಲಿ ತಲೆ ತಿರುಗಿ ಬಿದ್ದರು. ಹಣೆಗೆ ಹೊಲಿಗೆ ಬಿತ್ತು. ಕಣ್ಣು ಉಳಿಯಿತು, ದೇವರು ದೊಡ್ಡವನು. ಡಾಕ್ಟರು ನೋಡಿ, ರಕ್ತದೊತ್ತಡ ಏರಿ ಕೂತಿದೆ ಎಂದು ದಿನಕ್ಕೊಂದು ಮಾತ್ರೆ ಬರೆದರು. ಅಡಕೆಯಷ್ಟು ದೊಡ್ಡದು, ಸರಿ, ಅಡಕೆಯ ಹೋಳಿನಷ್ಟು ಎನ್ನಿ. ಮುರಿಯಬಾರದು, ಪುಡಿ ಮಾಡಬಾರದು, ಅಗಿಯಬಾರದು. ಇಡಿಯಾಗಿ ನುಂಗಬೇಕು. ಅತ್ತೆಯನ್ನು ನಾವು ಹೊಸನಗರಕ್ಕೆ ಕರೆತಂದೆವು. ನನ್ನ ನಿಜವಾದ ತಪಸ್ಸು ಅಲ್ಲಿಂದ ಶುರು.

ಬಾಳೆಹಣ್ಣಿನ ಒಳಗೆ ಮಾತ್ರೆ ಹುದುಗಿಸಿ ಕೊಟ್ಟೆ. ಹಣ್ಣು ಒಳಗೆ ಹೋಯಿತು. ಮಾತ್ರೆ ಮಾತ್ರ ಹಲಸಿನ ಬೀಜದಂತೆ ತಟ್ಟೆಯ ಅಂಚಿಗೆ ಬಂತು. ಕಡುಬಿನ ಹಿಟ್ಟಿನೊಳಗೆ ಇಟ್ಟೆ. ಕಡುಬು ಹೋಯಿತು, ಮಾತ್ರೆ ಬಂತು. ನಮ್ಮ ಮನೆಯವರು ಎದುರಿಗೆ ಕೂತು, "ನೋಡಿ ಅತ್ತೆ, ಹೀಗೆ" ಎಂದು ತಮ್ಮದೊಂದು ಶಕ್ತಿ ಮಾತ್ರೆಯನ್ನು ನೀರಿಲ್ಲದೆ ನುಂಗಿ ತೋರಿಸಿದರು. ಅತ್ತೆ ಮೆಚ್ಚಿ ತಲೆದೂಗಿದರು. "ಚೆನ್ನಾಗಿ ನುಂಗಿದ್ರಿ. ಅರ್ಧಕ್ಕರ್ಧ ನಾಳೆ ಬೆಳಿಗ್ಗೆ ಹೊರಗೆ ಹೋಗುತ್ತೆ, ಬೇಜಾರು ಮಾಡ್ಕೋಬೇಡಿ."

"ಅಲ್ಲ ಅತ್ತೆ, ಅಷ್ಟೆಲ್ಲ ಗೊತ್ತಿರೋರು ಈ ಮಾತ್ರೆನ ನೀವೇ ಹನಿ ಮಾಡ್ಕೊಂಡು ಕುಡೀಬಾರ್ದಾ?" ಎಂದೆ.

ಕನ್ನಡಕದ ಮೇಲಿಂದ ನೋಡಿದರು. ನಾನು ಕಳ್ಳತನಕ್ಕೆ ಕರೆದೆನೋ ಎನ್ನುವ ಹಾಗೆ.

"ಹನಿ ಮಾಡಿದ್ರೆ ಎಷ್ಟು ಹಿಡಿಯುತ್ತೆ ಅಂತ ಯಾರು ಅಳೆದ್ರು? ಜಾಸ್ತಿ ಹಿಡಿದ್ರೆ ಪ್ರೆಶರ್ರು ನೆಲಕ್ಕೆ ಬೀಳುತ್ತೆ, ಹಿಂದೆನೇ ನಾನೂ. ಹೀಗೆ ಬರೆದ ಹುಡುಗ್ರನ್ನ ನಾನು ಫೇಲ್ ಮಾಡಿದೀನಿ ಕಣೇ."

ಗೊತ್ತಿಲ್ಲದವರಿಗೆ ಔಷಧಿ ಕೊಡುವುದು ಕಷ್ಟ. ಗೊತ್ತಿದ್ದವರಿಗೆ ಇನ್ನೂ ಕಷ್ಟ! ಡಾಕ್ಟರು ಸೋತು, ಸದ್ಯಕ್ಕೆಂದು ನೀರಲ್ಲಿ ಕರಗುವ ಬೇರೊಂದು ಮಾತ್ರೆ ಕೊಟ್ಟರು. ನನ್ನನ್ನು ಪಕ್ಕಕ್ಕೆ ಕರೆದು, "ಇದು ಹೆಚ್ಚು ದಿನ ಸಾಲದು. ದೊಡ್ಡದನ್ನ ಶುರು ಮಾಡ್ಲೇಬೇಕು. ಇನ್ನೊಂದ್ಸಲ ಬಿದ್ರೆ ಬರೀ ಹೊಲಿಗೇಲಿ ಮುಗಿಯಲ್ಲ" ಎಂದರು.

ಅತ್ತೆಯ ಗಂಟಲು ಯಾಕೆ ಹೀಗೆ ಎಂದು ನನ್ನ ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಚಿಕ್ಕಂದಿನಲ್ಲಿ ಚಳಿಜ್ವರ ಬಂದಾಗ ನಮ್ಮ ಅಜ್ಜ ಅವರ ಮೂಗು ಹಿಡಿದು, ಬಾಯಿ ಬಿಡಿಸಿ, ಕಹಿ ಮಾತ್ರೆ ತುರುಕುತ್ತಿದ್ದರಂತೆ. ಅಂದು ಮುಚ್ಚಿದ ಗಂಟಲು. ಮತ್ತೆ ಅವರು ಹೈಸ್ಕೂಲಿನಲ್ಲಿರುವಾಗ ಅವರ ಅಮ್ಮ, ಅಂದರೆ ನಮ್ಮ ಅಜ್ಜಿ, ಹಾಸಿಗೆ ಹಿಡಿದರು. ಎಷ್ಟೋ ಮಾತ್ರೆ ನುಂಗಿಸಿದರು, ಉಳಿಯಲಿಲ್ಲ. "ಔಷಧಿ ಹಿಡೀಲಿಲ್ಲ" ಎಂದರು ಎಲ್ಲರೂ. ನಾವೆಲ್ಲ ಹೇಳುವ ಮಾತೇ. ಅತ್ತೆ ಒಬ್ಬರು ಮಾತ್ರ, ಹಿಡೀಲಿಲ್ಲ ಅಂದ್ರೆ ಎಂತ, ಒಳಗೆ ಹೋದದ್ದು ಎಲ್ಲಿ ಹೋಯ್ತು ಎಂದು ಬಂದವರನ್ನೆಲ್ಲ ಕೇಳುತ್ತಿದ್ದರಂತೆ. ಹಣೆಬರಹ ಎಂದರು ಜನ. ಅತ್ತೆ ವಿಚಾರಿಸಿ ನೋಡುತ್ತೇನೆಂದು ಘಟ್ಟ ಇಳಿದು ಹೋದರು.

ನಾನೂ ಹಟ ಹಿಡಿದೆ. ಒಂದು ದಿನ ಊಟದ ಹೊತ್ತಿಗೆ ಅವರೇ ಒಂದು ಒಪ್ಪಂದಕ್ಕೆ ಬಂದರು.

"ಮಾತ್ರೆ ನುಂಗೋದು ಅಂದ್ರೆ ನಾನು ಸೋತೆ ಅಂತ. ಭೂಮಿ ಹುಣ್ಣಿಮೆವರೆಗೆ ತಡಿ. ಆ ಬಾಟಲಿ ಒಡೆದ್ರೆ ನುಂಗ್ತೀನಿ."

ಒಡೆಯದಿದ್ದರೆ? ಅದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಯೊಳಗಿನ ಒಪ್ಪಂದಗಳೆಲ್ಲ ಹೀಗೆಯೇ.

ಈಗ ನನ್ನ ಕಷ್ಟ ನೋಡಿ. ದೀಪ ಹಚ್ಚಿ ಕೈ ಮುಗಿದರೆ ದೇವರಲ್ಲಿ ಏನೆಂದು ಬೇಡಲಿ? ಬಾಟಲಿ ಒಡೆಯಲಿ ಎಂದರೆ ಅತ್ತೆಯ ಆಯುಷ್ಯದ ಕೆಲಸ ನೀರು ಪಾಲು. ಒಡೆಯದಿರಲಿ ಎಂದರೆ ಅತ್ತೆಯ ಆಯುಷ್ಯವೇ! ಒಂದು ವಾರ ಒದ್ದಾಡಿ, ಕೊನೆಗೆ "ನಿನಗೆ ತಿಳಿದ ಹಾಗೆ ಮಾಡು, ನನ್ನ ತಲೆಗೆ ಕಟ್ಟಬೇಡ" ಎಂದು ಬೇಡಿಕೊಂಡೆ. ನಮ್ಮ ಮನೆಯವರಿಗೆ ಇಂಥ ತೊಡಕಿಲ್ಲ. ಒಂದು ಸಂಜೆ ಅಡುಗೆಮನೆಗೆ ಬಂದು ಪಿಸುಗುಟ್ಟಿದರು:

"ಹೇಗೂ ಸಾಗರದ್ದು ಐಸಲ್ಲಿಟ್ಟು ಒಡೀತಲ್ಲ. ಇದನ್ನೂ ಒಂದ್ಸಲ ಇಟ್ಟು ತೆಗೆದ್ರೆ?"

"ದೇವರ ಗೂಡಿಂದ ಕದಿಯೋದಾ?"

"ಕದಿಯೋದಲ್ಲ ಮಾರಾಯ್ತಿ, ತಣ್ಣಗೆ ಮಾಡೋದು."

"ನಿಮ್ಮ ತಲೆ ಇಡಿ ಐಸಲ್ಲಿ" ಎಂದೆ. ಹಾಗೆ ಎಂದೆನಾದರೂ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಕಣ್ಣು ಆ ಖಾನೆಯ ಕಡೆ ಹೋಗುತ್ತಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಲ್ಲಿ ಒಂದು ದಿನ ಪೂಜೆ, ಓಣಿಯವರಿಗೆಲ್ಲ ಪ್ರಸಾದ. ಮಂಗಳಾರತಿಯಾಗಿ ತೀರ್ಥ ಕೊಡುತ್ತಿರುವಾಗ ತೀರ್ಥ ಮುಗಿಯಿತು, ಜನ ಮುಗಿಯಲಿಲ್ಲ. ನಾನು ತರಲೆಂದು ಒಳಗೆ ಹೋದೆ. ಭಟ್ಟರು ಗೂಡಿನ ಕಡೆ ನೋಡಿದರು. ದೇವರ ಪಕ್ಕದಲ್ಲಿ, ದಾಸವಾಳ ಮುಡಿದುಕೊಂಡು, ಬಂಗಾರದ ಬಣ್ಣದಲ್ಲಿ ಹೊಳೆಯುತ್ತ ಬಾಟಲಿ!

"ಇದು ಎಲ್ಲಿಯ ತೀರ್ಥ?" ಎಂದು ನಮ್ಮ ಮನೆಯವರನ್ನು ಕೇಳಿದರು.

ಇವರು ಮೊಬೈಲಿನಿಂದ ತಲೆ ಎತ್ತದೆ, "ಘಟ್ಟದ ಕೆಳಗಿಂದ ಬಂದಿದ್ದು" ಎಂದರು. ಸುಳ್ಳೇನಲ್ಲವಲ್ಲ!

ಘಟ್ಟದ ಕೆಳಗೆ ಎಷ್ಟು ಕ್ಷೇತ್ರಗಳಿಲ್ಲ! ಭಟ್ಟರು ಬಾಟಲಿಯನ್ನು ಕಣ್ಣಿಗೊತ್ತಿಕೊಂಡು, ಮುಚ್ಚಳ ತೆಗೆದು, ಒಂದೊಂದೇ ಉದ್ಧರಣೆ ಕೊಡುತ್ತ ಬಂದರು. ಜನ ಭಕ್ತಿಯಿಂದ ಕುಡಿದು, ರೂಢಿಯಂತೆ ಅಂಗೈಯನ್ನು ತಲೆಗೆ ಸವರಿಕೊಂಡರು. ನಾನು ತಂಬಿಗೆ ಹಿಡಿದು ಬರುವಷ್ಟರಲ್ಲಿ ಸಾಲಿನಲ್ಲಿದ್ದ ಬಿಳಿ ತಲೆಗಳೆಲ್ಲ ಹಳದಿಯಾಗಿದ್ದವು! ತಾಲ್ಲೂಕು ಕಚೇರಿಯಿಂದ ನಿವೃತ್ತರಾದ, ಯಾರ ಮಾತಿಗೂ ನಗದ ಪಕ್ಕದ ಮನೆಯ ಹಿರಿಯರೊಬ್ಬರು ನೆತ್ತಿಯ ಮೇಲೆ ಐದು ಬೆರಳಿನ ಹಳದಿ ಗುರುತು ಇಟ್ಟುಕೊಂಡು ಗಂಭೀರವಾಗಿ ಪ್ರಸಾದಕ್ಕೆ ಕಾಯುತ್ತಿದ್ದರು.

ಅತ್ತೆ ಒಳಗಿನ ಕೋಣೆಯಿಂದ ಬಂದರು. ಅರ್ಧವಾದ ಬಾಟಲಿ ನೋಡಿದರು. ನಾನು ಭೂಮಿ ಬಾಯಿ ಬಿಡಲಿ ಎಂದು ನಿಂತಿದ್ದೆ. ಅತ್ತೆ ಸೀದಾ ಭಟ್ಟರ ಹತ್ತಿರ ಹೋದ‍ರು.

"ನೀವೂ ತಗೊಂಡ್ರಾ? ಹೇಗಿತ್ತು?"

"ದಿವ್ಯವಾಗಿತ್ತು ತಾಯಿ."

"ದಿವ್ಯ ಅಂದ್ರೆ? ಕಹಿಯಾ, ಒಗರಾ? ನಾಲಿಗೆ ಮೇಲೆ ಎಣ್ಣೆ ಎಣ್ಣೆ ಅನ್ನಿಸ್ತಾ?"

"ಇಲ್ಲಪ್ಪ. ನೀರಿನ ಹಾಗೇ ಇಳೀತು."

ಅತ್ತೆಯ ಮುಖದಲ್ಲಿ ಬಂದ ಬೆಳಕನ್ನು ನಮ್ಮ ಮನೆಯ ಯಾವ ಮಂಗಳಾರತಿಯಲ್ಲೂ ನಾನು ಕಂಡಿಲ್ಲ. ಆದರೆ ವರ್ಷದಷ್ಟು ಹಳೆಯ ಸರಕಲ್ಲವೇ, ಮಾರನೆಯ ದಿನ ಕೂತು ಎಲ್ಲರಿಗೂ ಫೋನು ಮಾಡಿ ಹೊಟ್ಟೆ ವಿಚಾರಿಸಿದರು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. "ಅಮ್ಮಾ, ತೀರ್ಥ ಕೊಟ್ಟು ಮಾರನೇ ದಿನ ಹೊಟ್ಟೆ ಸರಿ ಇದ್ಯಾ ಅಂತ ಕೇಳಿದವರು ನನ್ನ ಸರ್ವೀಸಲ್ಲಿ ನೀವೇ ಮೊದಲು" ಎಂದರಂತೆ ಭಟ್ಟರು.

"ಇನ್ನು ಪರೀಕ್ಷೆ ಕೆಟ್ಟ ಹಾಗಲ್ವಾ ಅತ್ತೆ? ಮುಚ್ಚಳ ತೆಗೆದಾಯ್ತಲ್ಲ?" ಎಂದೆ. ನನಗೂ ಒಂದು ದಾರಿ ಬೇಕಿತ್ತು.

"ಗಾಳಿ ಆಡಿದೆ, ಈಗ ಇನ್ನೂ ಕಷ್ಟದ ಪರೀಕ್ಷೆ. ಉಳಿದ ಅರ್ಧ ನಿಂತ್ರೆ ಗಟ್ಟಿ."

ಭೂಮಿ ಹುಣ್ಣಿಮೆ ಬಂದೇ ಬಿಟ್ಟಿತು. ನಮ್ಮ ಕಡೆ ಅಂದು ಭೂಮಿತಾಯಿಗೆ ಬಯಕೆ ಊಟ. ಪೈರು ಹೊಡೆಗಟ್ಟಿದ ಗದ್ದೆ ತುಂಬು ಬಸುರಿ ಎಂಬ ಲೆಕ್ಕ. ಬಗೆಬಗೆಯ ಸೊಪ್ಪು ಬೇಯಿಸಿ, ಅನ್ನಕ್ಕೆ ಕಲಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ಬೆಳಕು ಹರಿಯುವ ಹೊತ್ತಿಗೆ ಗದ್ದೆಯ ತುಂಬ ಬೀರುತ್ತಾರೆ. ಊರ ಹೊರಗಿನ ನಮ್ಮ ಸಣ್ಣ ಗದ್ದೆಗೆ ಅತ್ತೆಯೂ ಕೋಲೂರಿಕೊಂಡು ಬಂದರು. ದೇವರಿಗೆ ಕೈ ಮುಗಿಯದಿದ್ದರೂ ಈ ಹಬ್ಬ ಮಾತ್ರ ಅವರಿಗೆ ಪ್ರೀತಿ. "ನೋಡು, ಎಲ್ಲ ಒಂದೇ ಕಡೆ ಉಂಡೆ ಮಾಡಿ ಇಟ್ರೆ ಕಾಗೆಗೆ. ಬೀರಿದ್ರೆ ಭೂಮಿಗೆ. ನಮ್ಮ ಹಿರೀರಿಗೆ ಗೊತ್ತಿತ್ತು" ಎಂದು ಅಲ್ಲೂ ಪಾಠ.

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಅತ್ತೆ ದೇವರ ಗೂಡಿನ ಮುಂದೆ, ನೆಲದ ಮೇಲೆ ಕೂತರು. ಬಾಗಿಲ ಹತ್ತಿರ ನಮ್ಮ ಮನೆಯವರು. ಬಾಟಲಿ ತೆಗೆದು ಅತ್ತೆಯ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ನನ್ನ ಕಣ್ಣಿಗೆ ಪೊರೆ ಬಂದಿದೆ, ಎಂತದೂ ಸರಿಯಾಗಿ ಕಾಣಲ್ಲ. ನೀನೇ ನೋಡಿ ಹೇಳು."

"ನಾನಾ?"

"ಮತ್ತೆ? ನೀನು ದೇವರ ಎದುರಿಗೆ ಸುಳ್ಳು ಹೇಳಲ್ಲ. ಅದಕ್ಕೇ ಅಲ್ವಾ ಬಾಟಲಿ ಅಲ್ಲಿ ಇಡಿಸಿದ್ದು."

ಬಾಗಿಲ ಕಡೆ ನೋಡಿದೆ. ನಮ್ಮ ಮನೆಯವರು ಕಣ್ಣಲ್ಲೇ ಬೇಡುತ್ತಿದ್ದರು: ಒಡೆದಿದೆ ಅನ್ನು. ಒಂದೇ ಮಾತು. ಅತ್ತೆ ಮಾತ್ರೆ ನುಂಗುತ್ತಾರೆ. ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು. ದೀಪ ಎತ್ತಿ ಬಾಟಲಿಯ ಹಿಂದೆ ಹಿಡಿದೆ. ಉಂಗುರ ಹುಡುಕಿದೆ. ಓರೆ ಮಾಡಿ ಹುಡುಕಿದೆ. ನನ್ನ ಕಣ್ಣಲ್ಲಿ ನೀರು ಬಂದು ಮಸುಕಾಯಿತು, ಒರೆಸಿಕೊಂಡು ಮತ್ತೆ ಹುಡುಕಿದೆ. ಅರ್ಧ ಬಾಟಲಿ, ಗಾಳಿಯಾಡಿದ ಬಾಟಲಿ, ಒಂದಿಡೀ ವರ್ಷದ ಶೀತ ಸೆಕೆ ಉಂಡ ಬಾಟಲಿ, ಜೇನಿನ ಹಾಗೆ ತಿಳಿಯಾಗಿ ಹೊಳೆಯಿತು.

"ಇಲ್ಲ ಅತ್ತೆ. ಒಡೆದಿಲ್ಲ."

ನಮ್ಮ ಮನೆಯವರು ಬಾಗಿಲಿನ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಅತ್ತೆ, ಅಡುಗೆಮನೆಯಿಂದ ಉಪ್ಪು ತಾ ಎನ್ನುವ ಹಾಗೆ ಹೇಳಿದರು:

"ಆ ಮಾತ್ರೆ ತಗೊಂಡು ಬಾ."

"ಒಡೆದಿಲ್ಲ ಅಂದ್ನಲ್ಲ ಅತ್ತೆ!"

"ಕೇಳಿಸ್ತು. ಸೋತು ನುಂಗೋದು ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ. ಈಗ ಕೊಡು."

ಒಳಗಿಂದ ಮಾತ್ರೆ ತಂದೆ. ತೀರ್ಥಕ್ಕೆ ಎಂದೂ ಚಾಚದ ಅಂಗೈಯನ್ನು ತೀರ್ಥಕ್ಕೆ ಚಾಚುವ ಹಾಗೆಯೇ ಕುಳಿ ಮಾಡಿ ಚಾಚಿದರು. ಮಾತ್ರೆ ಇಟ್ಟೆ. ಬಾಯಿಯ ಹತ್ತಿರ ಒಯ್ದು ನಿಲ್ಲಿಸಿ, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು:

"ಮೂಗು ಹಿಡೀಬೇಡ ಮತ್ತೆ."

ಎಪ್ಪತ್ತು ದಾಟಿದವರು. "ಇಲ್ಲ ಅತ್ತೆ, ಹಿಡಿಯಲ್ಲ" ಎಂದು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಮೊದಲ ಸಲ ಮಾತ್ರೆ ಹಿಂದೆ ಬಂತು. ನಮ್ಮ ಮನೆಯವರು ಇನ್ನೊಂದು ಲೋಟ ನೀರು ತಂದಿಟ್ಟರು, ಪುಣ್ಯಾತ್ಮರು. ಎರಡನೆಯ ಸಲ ಅತ್ತೆ ಕಣ್ಣು ಗಟ್ಟಿ ಮುಚ್ಚಿಕೊಂಡರು. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

"ಇಳೀತು" ಎಂದರು, ಬೇರೆ ಯಾರದ್ದೋ ಗಂಟಲಿನ ಸುದ್ದಿ ಹೇಳುವವರ ಹಾಗೆ. ಬಾಯಿ ತೆರೆದು, ನಾಲಿಗೆ ಎತ್ತಿ, ನನಗೆ ತೋರಿಸಿದರು.

ಆಮೇಲೆ ದೀಪದ ಕಡೆ ನೋಡುತ್ತ ಕೇಳಿದರು:

"ಹಿಡಿಯುತ್ತೇನೇ ಹುಡುಗೀ?"

ಎಷ್ಟು ಹಿಡಿಯುತ್ತದೆ, ಎಷ್ಟು ಹೊರಗೆ ಹೋಗುತ್ತದೆ ಎಂದು ಊರಿಗೆಲ್ಲ ಹೇಳುವವರು ನನ್ನನ್ನು ಕೇಳುತ್ತಿದ್ದರು. "ಹಿಡಿಯುತ್ತೆ ಅತ್ತೆ" ಎಂದೆ. "ಹೂಂ" ಎಂದರು. ನನ್ನ ಸೆರಗಿನ ತುದಿ ಯಾವಾಗಲೋ ಅವರ ಮುಷ್ಟಿಯೊಳಗೆ ಸೇರಿತ್ತು. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಿತ್ತು. ಉಕ್ಕುವ ವಾಸನೆಯೂ ಬಂತು. ಉಕ್ಕಿದರೆ ಉಕ್ಕಲಿ ಎಂದು, ಸೆರಗು ಬಿಡಿಸಿಕೊಳ್ಳದೆ ಕೂತೇ ಇದ್ದೆ.